ಸೇನಾ ಇತಿಹಾಸದ ಸ್ವಾರಸ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸೇನಾ ಇತಿಹಾಸದಲ್ಲಿ ಆಸಕ್ತಿಯುಳ್ಳ ನಾಲ್ಕು ಜನ ಒಂದೆಡೆ ಕುಳಿತರೆ ಮಾತು ಬೇಗನೆ ಚಿಕ್ಕ ಚಿಕ್ಕ ಸಂಗತಿಗಳ ಕಡೆಗೆ ಹೊರಳುತ್ತದೆ. ಅತಿ ಚಿಕ್ಕ ಯುದ್ಧ ಯಾವುದು, ಕಟ್ಟಕಡೆಗೆ ಶರಣಾದ ಸೈನಿಕ ಯಾರು, ವಿಮಾನದಿಂದ ಮೊದಲು ಬಾಂಬು ಹಾಕಿದವರು ಯಾರು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಇಂಥ ಸಂಗತಿಗಳನ್ನು ಕಲೆಹಾಕಿ ರಸಪ್ರಶ್ನೆಗಳಿಗೆ ಹೊಂದಿಸುವ ಕೆಲಸವನ್ನು ನಾನು ಬಹಳ ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಒಂದೇ ಪ್ರಶ್ನೆಗೆ ಇಬ್ಬರು ಬೇರೆ ಬೇರೆ ಉತ್ತರ ಕೊಟ್ಟು, ಇಬ್ಬರೂ ಸರಿಯಾಗಿದ್ದ ಸಂದರ್ಭಗಳು ಎಷ್ಟೋ ಇವೆ. ಅಂಥ ಕಡೆಗಳಲ್ಲಿ ತಕರಾರಿನ ಮೂಲ ಪ್ರಶ್ನೆಯೊಳಗಿನ ಯಾವುದೋ ಒಂದು ಪದದಲ್ಲಿ ಅಡಗಿರುತ್ತದೆ. ಹೆಚ್ಚಾಗಿ ಎದುರಾಗುವ ಪ್ರಶ್ನೆಗಳನ್ನೂ ಆ ಪದಗಳನ್ನು ಬಿಡಿಸಿ ನೋಡಿದಾಗ ಸಿಗುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಜಗತ್ತಿನ ಅತಿ ಚಿಕ್ಕ ಯುದ್ಧ 38 ನಿಮಿಷ ನಡೆಯಿತೋ, 45 ನಿಮಿಷವೋ?

1896ರ ಆಗಸ್ಟ್ 27ರಂದು ಬ್ರಿಟನ್ ಮತ್ತು ಜಾಂಜಿಬಾರ್ ನಡುವೆ ನಡೆದ ಯುದ್ಧವೇ ಅತಿ ಚಿಕ್ಕದು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ತಕರಾರಿರುವುದು ನಿಮಿಷಗಳ ಲೆಕ್ಕದಲ್ಲಿ ಮಾತ್ರ. ಎರಡು ದಿನ ಮೊದಲು ಸುಲ್ತಾನ ಹಮದ್ ಬಿನ್ ತುವೈನಿ ತೀರಿಕೊಂಡಾಗ, ಬ್ರಿಟಿಷರ ಒಪ್ಪಿಗೆ ಪಡೆಯದೆ ಖಾಲಿದ್ ಬಿನ್ ಬರ್ಗಾಶ್ ಅರಮನೆಯನ್ನು ವಶಪಡಿಸಿಕೊಂಡನು. ಬೆಳಿಗ್ಗೆ 9 ಗಂಟೆಯೊಳಗೆ ಅರಮನೆ ಬಿಟ್ಟು ಹೊರಡಬೇಕೆಂದು ಬ್ರಿಟಿಷರು ಗಡುವು ಕೊಟ್ಟರು. ಗಡುವು ಮುಗಿದ ಎರಡು ನಿಮಿಷಕ್ಕೆ, ಅಂದರೆ 9 ಗಂಟೆ 2 ನಿಮಿಷಕ್ಕೆ, ಬಂದರಿನಲ್ಲಿದ್ದ ಯುದ್ಧನೌಕೆಗಳು ಗುಂಡು ಹಾರಿಸತೊಡಗಿದವು. ಅರಮನೆಯ ಧ್ವಜ ಉರುಳಿ ಗುಂಡಿನ ಸದ್ದು ನಿಂತಾಗ ಸುಮಾರು 9 ಗಂಟೆ 40 ನಿಮಿಷವಾಗಿತ್ತು.

ಮೊದಲ ಗುಂಡಿನಿಂದ ಧ್ವಜ ಬೀಳುವವರೆಗೆ ಎಣಿಸಿದರೆ 38 ನಿಮಿಷಗಳಾಗುತ್ತವೆ. ಗಡುವು ಮುಗಿದ ಗಳಿಗೆಯಿಂದ ಎಣಿಸಿ, ಕೊನೆಯನ್ನೂ ಒಂದಿಷ್ಟು ಮುಂದಕ್ಕೆ ಹಿಡಿದರೆ 45 ನಿಮಿಷಗಳವರೆಗೆ ಹೋಗುತ್ತದೆ. ಈ ಸಂಗತಿಯನ್ನು ಹೇಳುವಾಗ ನಿಮಿಷಗಳ ಜತೆಗೆ ಇನ್ನೊಂದು ಲೆಕ್ಕವನ್ನೂ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಅಷ್ಟು ಹೊತ್ತಿನಲ್ಲಿ ಜಾಂಜಿಬಾರಿನ ಕಡೆ ಸುಮಾರು 500 ಜನ ಸತ್ತರು ಅಥವಾ ಗಾಯಗೊಂಡರು. ಬ್ರಿಟಿಷರ ಕಡೆ ಗಾಯಗೊಂಡವನು ಒಬ್ಬ ನಾವಿಕ ಮಾತ್ರ. ಇದನ್ನು ಬಿಟ್ಟು ಹೇಳಿದರೆ ಆ ಬೆಳಗು ನಗೆಯ ಪ್ರಸಂಗವಾಗಿ ಉಳಿದುಬಿಡುತ್ತದೆ.

ಹಾಗಾದರೆ ಅತಿ ದೀರ್ಘ ಯುದ್ಧ ಯಾವುದು?

ನೆದರ್ಲೆಂಡ್ಸ್ ಮತ್ತು ಬ್ರಿಟನ್ನಿನ ಸಿಲಿ ದ್ವೀಪಗಳ ನಡುವಿನ 335 ವರ್ಷಗಳ ಯುದ್ಧ ಎಂಬ ಉತ್ತರ ಬಹಳ ಪ್ರಚಾರದಲ್ಲಿದೆ. 1651ರಲ್ಲಿ ಆರಂಭವಾಯಿತೆನ್ನಲಾದ ಈ ಯುದ್ಧದಲ್ಲಿ ಒಂದು ಗುಂಡೂ ಹಾರಲಿಲ್ಲ. 1986ರಲ್ಲಿ ಶಾಂತಿ ಒಪ್ಪಂದಕ್ಕೆ ವಿಧಿವತ್ತಾಗಿ ಸಹಿಯೂ ಬಿತ್ತು. ಆದರೆ 1651ರಲ್ಲಿ ಡಚ್ ನೌಕಾಧಿಪತಿ ಟ್ರಾಂಪ್ ಆ ದ್ವೀಪಗಳಿಗೆ ಬಂದು ಬೆದರಿಕೆ ಹಾಕಿದ್ದನ್ನು ಒಂದು ರಾಷ್ಟ್ರದ ಯುದ್ಧಘೋಷಣೆ ಎಂದು ಕರೆಯಬಹುದೇ ಎಂಬ ಪ್ರಶ್ನೆ ಗಟ್ಟಿಯಾಗಿಯೇ ಇದೆ. ಇದನ್ನು ಯುದ್ಧಗಳ ಪಟ್ಟಿಗೆ ಸೇರಿಸುವುದಕ್ಕಿಂತ 1986ರ ಒಂದು ಸೊಗಸಾದ ಸಮಾರಂಭವೆಂದು ನೆನಪಿಡುವುದು ಸರಿ.

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧ 1337ರಿಂದ 1453ರವರೆಗೆ, ಅಂದರೆ 116 ವರ್ಷ ನಡೆಯಿತು ಎಂಬುದು ಇನ್ನೊಂದು ಅಚ್ಚುಮೆಚ್ಚಿನ ಪ್ರಶ್ನೆ. ಆ ಹೆಸರನ್ನು ಇಟ್ಟವರು ಬಹಳ ಕಾಲದ ನಂತರದ ಇತಿಹಾಸಕಾರರು. ನಡುನಡುವೆ ವರ್ಷಗಟ್ಟಲೆ ಕದನವಿರಾಮಗಳಿದ್ದ ಆ ಹೋರಾಟಗಳಲ್ಲಿ ಬದುಕಿ ಸತ್ತವರಿಗೆ ತಾವು ಒಂದೇ ಯುದ್ಧದೊಳಗೆ ಇದ್ದೇವೆ ಎಂಬ ಕಲ್ಪನೆಯೇ ಇರಲಿಲ್ಲ.

ಯುದ್ಧ, ಕದನ ಎಂಬ ಪದಗಳಲ್ಲಿ ವ್ಯತ್ಯಾಸ ಮಾಡಬೇಕೇ?

ಮಾಡಿದರೆ ಒಳ್ಳೆಯದು. ವರ್ಷಗಳವರೆಗೆ ನಡೆಯುವ ಸಮಗ್ರ ಸಂಘರ್ಷವೂ ಒಂದು ಬಯಲಿನಲ್ಲಿ ಒಂದು ಮಧ್ಯಾಹ್ನ ನಡೆದ ಹೋರಾಟವೂ ಕನ್ನಡದಲ್ಲಿ ‘ಯುದ್ಧ’ವೇ ಆಗಿಬಿಡುತ್ತದೆ. ವಾಟರ್‌ಲೂ ಯುದ್ಧ ಎಂದೂ ಮೊದಲನೆಯ ಮಹಾಯುದ್ಧ ಎಂದೂ ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸ ನಮಗಿದೆ. ರಸಪ್ರಶ್ನೆಯಲ್ಲಿ ಮಾತ್ರ ಇಡೀ ಸಂಘರ್ಷಕ್ಕೆ ಯುದ್ಧ, ಅದರೊಳಗಿನ ಒಂದೊಂದು ಹೋರಾಟಕ್ಕೆ ಕದನ ಎಂದು ಬರೆದುಕೊಂಡರೆ ಅರ್ಧದಷ್ಟು ಜಗಳ ಅಲ್ಲಿಗೇ ಮುಗಿಯುತ್ತದೆ.

ಮೊದಲನೆಯ ಮಹಾಯುದ್ಧದ ಸೋಮ್ ಕದನದ ಮೊದಲ ದಿನವೇ 57,470 ಬ್ರಿಟಿಷ್ ಸೈನಿಕರು ಸತ್ತರು ಎಂಬುದು ನಿಜವೇ?

ನಿಜವಲ್ಲ. ಈ ತಪ್ಪನ್ನು ನಾನೇ ಒಮ್ಮೆ ಮಾಡಿರುವುದರಿಂದ ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಹವ್ಯಾಸಿಗಳ ಒಂದು ಚಿಕ್ಕ ಕೂಟದಲ್ಲಿ ಚೀಟಿಯಿಂದ ಈ ಸಂಖ್ಯೆಯನ್ನು ಓದಿ, ‘ಒಂದೇ ದಿನದಲ್ಲಿ ಇಷ್ಟು ಸಾವು ಕಂಡ ಕದನ ಯಾವುದು’ ಎಂದು ಕೇಳಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಿವೃತ್ತ ಸೈನಿಕರೊಬ್ಬರು ಎದ್ದು ನಿಂತು, ‘ಸ್ವಾಮಿ, ಅದರಲ್ಲಿ ಆಸ್ಪತ್ರೆಗೆ ಹೋದವರೆಷ್ಟು, ಮಣ್ಣಿಗೆ ಹೋದವರೆಷ್ಟು?’ ಎಂದು ಕೇಳಿದರು. ನನ್ನ ಚೀಟಿಯಲ್ಲಿ ಆ ವಿಂಗಡಣೆ ಇರಲಿಲ್ಲ. ಮನೆಗೆ ಬಂದು ನೋಡಿದೆ: 1916ರ ಜುಲೈ 1ರಂದು ಸತ್ತವರು 19,240 ಮಂದಿ, ಗಾಯಾಳುಗಳು, ಕಾಣೆಯಾದವರು ಮತ್ತು ಸೆರೆಸಿಕ್ಕವರನ್ನೂ ಸೇರಿಸಿದಾಗ ಮಾತ್ರ ಒಟ್ಟು 57,470 ಆಗುತ್ತದೆ. ಆ ಚೀಟಿಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಸತ್ತವರ ಸಂಖ್ಯೆಯನ್ನು ಬರೆದು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಸೇನೆಗಳ ಲೆಕ್ಕದಲ್ಲಿ ‘ನಷ್ಟ’ವೆಂದರೆ ಮರುದಿನ ಬೆಳಿಗ್ಗೆ ಸಾಲಿನಲ್ಲಿ ನಿಲ್ಲಲು ಸಿಗದ ಎಲ್ಲರೂ ಎಂದರ್ಥ. ಸೇನಾಧಿಕಾರಿಗೆ ಬೇಕಾದದ್ದು ನಾಳೆ ಎಷ್ಟು ಜನ ಲಭ್ಯ ಎಂಬ ಮಾಹಿತಿ. ಅವರು ಏಕೆ ಲಭ್ಯರಿಲ್ಲ ಎಂಬುದು ಅವನಿಗೆ ಎರಡನೆಯ ಮಾತು. ಕನ್ನಡದಲ್ಲಿ ಇದಕ್ಕೆ ಸಮೀಪದ ‘ಸಾವುನೋವು’ ಎಂಬ ಬಹಳ ಒಳ್ಳೆಯ ಜೋಡುಪದವಿದೆ. ಆದರೆ ಕೇಳುವವರ ಕಿವಿಗೆ ಅದರ ಮೊದಲ ಅರ್ಧವಷ್ಟೇ ಬೀಳುತ್ತದೆ, ಎರಡನೆಯ ಅರ್ಧ ಉಳಿದುಹೋಗುತ್ತದೆ. ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕದನದಲ್ಲಿ 51,000 ಜನ ಸತ್ತರು ಎಂದು ಹೇಳುವವರೂ ಇದೇ ತಪ್ಪನ್ನು ಮಾಡುತ್ತಾರೆ. ಅದು ಎರಡೂ ಕಡೆಯ ಒಟ್ಟು ಸಾವುನೋವಿನ ಸಂಖ್ಯೆ. ಯಾವುದೇ ಸಂಖ್ಯೆಯನ್ನು ಕೇಳಿದ ಕೂಡಲೇ ಆ ನಿವೃತ್ತ ಸೈನಿಕರ ಪ್ರಶ್ನೆಯನ್ನು ಕೇಳಿಕೊಳ್ಳುವುದು ನನ್ನ ರೂಢಿಯಾಗಿದೆ.

ಒಂದು ದಿನದ ಗಾಳಿಕಾಳಗದಲ್ಲಿ ಬಿದ್ದ ವಿಮಾನಗಳ ಸಂಖ್ಯೆ ಒಂದೊಂದು ಕಡೆ ಒಂದೊಂದು ಬಗೆ ಇರುವುದೇಕೆ?

ಕೆಡವಿದೆವು ಎಂದು ಹೇಳಿಕೊಂಡ ಸಂಖ್ಯೆ ಬೇರೆ, ಎದುರಾಳಿ ನಿಜವಾಗಿ ಕಳೆದುಕೊಂಡ ಸಂಖ್ಯೆ ಬೇರೆ. 1940ರ ಸೆಪ್ಟೆಂಬರ್ 15ರಂದು ಬ್ರಿಟಿಷ್ ವಾಯುಪಡೆ 185 ಜರ್ಮನ್ ವಿಮಾನಗಳನ್ನು ಕೆಡವಿದೆ ಎಂದು ಘೋಷಿಸಲಾಯಿತು. ಯುದ್ಧ ಮುಗಿದ ಮೇಲೆ ಜರ್ಮನ್ನರ ದಾಖಲೆಗಳಲ್ಲಿ ಸಿಕ್ಕಿದ್ದು ಸುಮಾರು 60. ಇದನ್ನು ಬರೀ ಸುಳ್ಳು ಎನ್ನುವುದು ಅನ್ಯಾಯ. ಒಂದೇ ವಿಮಾನಕ್ಕೆ ಮೂವರು ಗುಂಡು ಹೊಡೆದು, ಅದು ಹೊಗೆಯುಗುಳುತ್ತ ಮೋಡದೊಳಗೆ ಇಳಿದುದನ್ನು ಕಂಡು, ಮೂವರೂ ಪ್ರಾಮಾಣಿಕವಾಗಿಯೇ ಒಂದೊಂದು ಎಂದು ಬರೆಸಿದರೆ ಲೆಕ್ಕ ಮೂರಾಗುತ್ತದೆ. ಆ ವಿಮಾನ ಕುಂಟುತ್ತ ಊರು ಸೇರಿದ್ದರೆ ನಿಜವಾದ ಸಂಖ್ಯೆ ಸೊನ್ನೆ. ಎಲ್ಲ ದೇಶಗಳ ವಾಯುಪಡೆಗಳ ಲೆಕ್ಕಗಳಲ್ಲೂ ಈ ಉಬ್ಬರ ಕಾಣುತ್ತದೆ. ಹೀಗಾಗಿ ನಷ್ಟದ ಲೆಕ್ಕವನ್ನು ನಷ್ಟ ಅನುಭವಿಸಿದವರ ದಾಖಲೆಯಲ್ಲಿ ಹುಡುಕಬೇಕು.

ಅಜಿನ್‌ಕೋರ್ಟ್, ಬಾಲಕ್ಲಾವಾ ಮತ್ತು ಲೇಟೆ ಕೊಲ್ಲಿಯ ಕದನಗಳು ಒಂದೇ ತಾರೀಖಿನಂದು ನಡೆದವೇ?

ಹವ್ಯಾಸಿಗಳಿಗೆ ಅಕ್ಟೋಬರ್ 25 ಎಂದರೆ ಹಬ್ಬವಿದ್ದ ಹಾಗೆ. 1415ರ ಆ ದಿನ ಇಂಗ್ಲೆಂಡಿನ ಬಿಲ್ಲುಗಾರರು ಅಜಿನ್‌ಕೋರ್ಟ್‌ನ ಕೆಸರುಗದ್ದೆಯಲ್ಲಿ ಫ್ರೆಂಚ್ ಸೇನೆಯನ್ನು ಸೋಲಿಸಿದರು. 1854ರಲ್ಲಿ ಬಾಲಕ್ಲಾವಾದಲ್ಲಿ ಬ್ರಿಟಿಷರ ಹಗುರ ಅಶ್ವದಳದ ಸುಮಾರು 670 ಸವಾರರು ತಪ್ಪಾಗಿ ಅರ್ಥವಾದ ಒಂದು ಆಜ್ಞೆಯಿಂದಾಗಿ ರಷ್ಯನ್ ಫಿರಂಗಿಗಳತ್ತ ನುಗ್ಗಿದರು. 1944ರಲ್ಲಿ ಫಿಲಿಪೀನ್ಸ್‌ನ ಸಮರ್ ದ್ವೀಪದ ಬಳಿ ಅಮೆರಿಕದ ಚಿಕ್ಕ ಬೆಂಗಾವಲು ನೌಕೆಗಳು ಯಮಾಟೊ ಎಂಬ ದೈತ್ಯ ಯುದ್ಧನೌಕೆ ಸಹಿತ ಬಂದ ಜಪಾನಿನ ಭಾರಿ ನೌಕಾಪಡೆಯನ್ನು ಎದುರಿಸಿ ನಿಂತವು; ಲೇಟೆ ಕೊಲ್ಲಿಯ ಮಹಾಕದನದಲ್ಲಿ ಇದೊಂದು ಭಾಗ.

ಮೂರೂ ಅಕ್ಟೋಬರ್ 25 ಎಂಬುದು ಪುಸ್ತಕಗಳ ಮಟ್ಟಿಗೆ ಸರಿ. ಆದರೆ 1415ರಲ್ಲಿ ಯುರೋಪಿನಲ್ಲಿ ಚಾಲ್ತಿಯಲ್ಲಿದ್ದದ್ದು ಜೂಲಿಯನ್ ಪಂಚಾಂಗ. ಗ್ರೆಗೋರಿಯನ್ ಪಂಚಾಂಗ ಜಾರಿಗೆ ಬಂದದ್ದು 1582ರಲ್ಲಿ. ಬ್ರಿಟನ್ ಅದನ್ನು ಒಪ್ಪಿಕೊಂಡದ್ದು 1752ರಲ್ಲಿ. ಹದಿನೈದನೆಯ ಶತಮಾನದಲ್ಲಿ ಇವೆರಡರ ನಡುವೆ 9 ದಿನಗಳ ಅಂತರವಿದ್ದುದರಿಂದ, ಈಗಿನ ಲೆಕ್ಕಕ್ಕೆ ತಂದರೆ ಅಜಿನ್‌ಕೋರ್ಟ್ ಕದನ ನವೆಂಬರ್ 3ಕ್ಕೆ ಬೀಳುತ್ತದೆ. ಬಾಲಕ್ಲಾವಾದಲ್ಲಂತೂ ಎದುರುಬದುರಾಗಿ ನಿಂತವರ ಕೈಯಲ್ಲೇ ಎರಡು ಪಂಚಾಂಗಗಳಿದ್ದವು: ಬ್ರಿಟಿಷ್ ಸವಾರನಿಗೆ ಅದು ಅಕ್ಟೋಬರ್ 25, ಅವನತ್ತ ಫಿರಂಗಿ ತಿರುಗಿಸಿದ ರಷ್ಯನ್ ಗೋಲಂದಾಜನಿಗೆ ಅಕ್ಟೋಬರ್ 13. ಈ ಕಾಕತಾಳೀಯವನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಪಂಚಾಂಗದ ಮಾತನ್ನೂ ಸೇರಿಸಿ ಹೇಳಿದರೆ ಅದರ ಸೊಗಸು ಇನ್ನಷ್ಟು ಹೆಚ್ಚುತ್ತದೆ.

ಯುರೋಪಿನ ವಿಜಯದಿನ ಮೇ 8 ಎಂದೂ ಮೇ 9 ಎಂದೂ ಹೇಳುವುದೇಕೆ?

ಇಲ್ಲಿ ಕಾರಣ ಗಡಿಯಾರ. 1945ರ ಮೇ 7ರ ನಸುಕಿನಲ್ಲಿ ಫ್ರಾನ್ಸಿನ ರೈಮ್ಸ್‌ನಲ್ಲಿ ಸಹಿಯಾದ ಜರ್ಮನಿಯ ಶರಣಾಗತಿ ಮೇ 8ರ ರಾತ್ರಿ 11 ಗಂಟೆ 1 ನಿಮಿಷಕ್ಕೆ ಜಾರಿಗೆ ಬರಬೇಕಿತ್ತು. ಸೋವಿಯತ್ ಒತ್ತಾಯದ ಮೇರೆಗೆ ಬರ್ಲಿನ್‌ನಲ್ಲಿ ಮತ್ತೊಮ್ಮೆ ಸಹಿಯ ವಿಧಿ ನಡೆಯಿತು. ಮಾಸ್ಕೋದಲ್ಲಿ ಆಗಲೇ ಮಧ್ಯರಾತ್ರಿ ದಾಟಿ ಮೇ 9 ಬಂದಿತ್ತು.

ನ್ಯೂ ಆರ್ಲಿಯನ್ಸ್ ಕದನ ಯುದ್ಧ ಮುಗಿದ ಮೇಲೆ ನಡೆಯಿತು ಎಂಬುದು ಸರಿಯೇ?

ಅರ್ಧ ಸರಿ. ಬ್ರಿಟನ್ ಮತ್ತು ಅಮೆರಿಕದ ಪ್ರತಿನಿಧಿಗಳು 1814ರ ಡಿಸೆಂಬರ್ 24ರಂದು ಗೆಂಟ್ ನಗರದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಕದನ ನಡೆದದ್ದು 1815ರ ಜನವರಿ 8ರಂದು. ಹಡಗಿನಲ್ಲಿ ಸಾಗುತ್ತಿದ್ದ ಸುದ್ದಿ ಇನ್ನೂ ಅಮೆರಿಕ ತಲುಪಿರಲಿಲ್ಲ. ಆದರೆ ಎರಡೂ ದೇಶಗಳು ಒಪ್ಪಂದವನ್ನು ವಿಧಿವತ್ತಾಗಿ ಅಂಗೀಕರಿಸಿದ ಮೇಲಷ್ಟೇ ಹೋರಾಟ ನಿಲ್ಲಬೇಕೆಂದು ಆ ಒಪ್ಪಂದದಲ್ಲೇ ಬರೆದಿತ್ತು, ಮತ್ತು ಅಮೆರಿಕದ ಸೆನೆಟ್ ಅದನ್ನು ಅಂಗೀಕರಿಸಿದ್ದು ಫೆಬ್ರವರಿ 16ರಂದು. ಆದ್ದರಿಂದ ಕಾನೂನಿನ ಪ್ರಕಾರ ಜನವರಿ 8ರಂದು ಯುದ್ಧ ಇನ್ನೂ ಜಾರಿಯಲ್ಲಿತ್ತು. ‘ಒಪ್ಪಂದಕ್ಕೆ ಸಹಿಯಾದ ಮೇಲೆ ನಡೆದ ಕದನ’ ಎಂದು ಬರೆದರೆ ಯಾರೂ ತಪ್ಪು ಹಿಡಿಯಲಾರರು.

ವಾಟರ್‌ಲೂ ಕದನ ವಾಟರ್‌ಲೂನಲ್ಲಿ ನಡೆಯಲಿಲ್ಲವೇ?

1815ರ ಜೂನ್ 18ರಂದು ನೆಪೋಲಿಯನ್ ಸೋತ ಆ ಕದನ ನಡೆದದ್ದು ವಾಟರ್‌ಲೂ ಹಳ್ಳಿಯಿಂದ ಕೆಲವು ಕಿಲೋಮೀಟರ್ ದಕ್ಷಿಣಕ್ಕೆ. ಬ್ರಿಟಿಷ್ ಸೇನಾನಿ ವೆಲಿಂಗ್ಟನ್‌ನ ಬಿಡಾರ ಆ ಹಳ್ಳಿಯಲ್ಲಿದ್ದುದರಿಂದ ಅದರ ಹೆಸರು ನಿಂತಿತು. ಪ್ರಶ್ಯದ ಸೇನಾನಿ ಬ್ಲೂಷರ್ ಕದನಕ್ಕೆ ಲಾ ಬೆಲ್ ಅಲಯನ್ಸ್ ಎಂಬ ಹೆಸರಿಡಲು ಬಯಸಿದ್ದನು. ಕದನದ ಸಂಜೆ ಇಬ್ಬರೂ ಭೇಟಿಯಾದದ್ದು ಆ ಹೆಸರಿನ ವಸತಿಗೃಹದ ಸಮೀಪದಲ್ಲಿ ಎಂಬುದು ಅದಕ್ಕೆ ಕಾರಣ. ಫ್ರೆಂಚರಿಗೆ ಅದು ಮಾಂಟ್ ಸೇಂಟ್ ಜೀನ್ ಕದನ.

ಗೆದ್ದವರು ಹೆಸರಿಡುತ್ತಾರೆ, ಮತ್ತು ಹೆಸರಿಡುವಾಗ ಹಳೆಯ ಸೇಡನ್ನೂ ನೆನೆಯುತ್ತಾರೆ. 1410ರಲ್ಲಿ ಪೋಲರು ಮತ್ತು ಲಿಥುವೇನಿಯನ್ನರು ಟ್ಯೂಟಾನಿಕ್ ಸರದಾರರೆಂಬ ಜರ್ಮನ್ ಯೋಧಸಂಘವನ್ನು ಸೋಲಿಸಿದ ಕದನವನ್ನು ಜರ್ಮನ್ನರು ಟಾನೆನ್‌ಬರ್ಗ್ ಎಂದೂ ಪೋಲರು ಗ್ರುನ್‌ವಾಲ್ಡ್ ಎಂದೂ ಕರೆಯುತ್ತಾರೆ. 1914ರಲ್ಲಿ ಅದೇ ಸೀಮೆಯಲ್ಲಿ ರಷ್ಯನ್ನರನ್ನು ಸೋಲಿಸಿದ ಜರ್ಮನ್ನರು ಹೋರಾಟದ ನಟ್ಟನಡುವೆ ಇರದಿದ್ದ ಟಾನೆನ್‌ಬರ್ಗಿನ ಹೆಸರನ್ನೇ ಆರಿಸಿಕೊಂಡರು. ಐದು ಶತಮಾನಗಳ ಹಿಂದಿನ ಸೋಲನ್ನು ಅದರಿಂದ ಅಳಿಸಿದಂತಾಯಿತು ಎಂಬುದು ಅವರ ಭಾವನೆ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರು ಹೆಚ್ಚಾಗಿ ಹೊಳೆತೊರೆಗಳ ಹೆಸರನ್ನೂ ದಕ್ಷಿಣದವರು ಊರಿನ ಹೆಸರನ್ನೂ ಇಟ್ಟರು. ಬುಲ್ ರನ್ ಮತ್ತು ಮನಾಸಸ್ ಎಂದರೆ ಒಂದೇ ಕದನ, ಆಂಟೀಟಮ್ ಮತ್ತು ಶಾರ್ಪ್ಸ್‌ಬರ್ಗ್ ಎಂದರೂ ಒಂದೇ.

‘ಮೊಟ್ಟಮೊದಲು’ ಎಂಬ ಪ್ರಶ್ನೆಗಳನ್ನು ಹೇಗೆ ಕೇಳಬೇಕು?

ಬಹಳ ಎಚ್ಚರದಿಂದ ಕೇಳಬೇಕು. ಆಕಾಶದಿಂದ ಮೊದಲು ಬಾಂಬು ಹಾಕಿದ್ದು ಯಾವಾಗ ಎಂದರೆ ಬಹಳ ಮಂದಿ 1911ರ ನವೆಂಬರ್ 1 ಎನ್ನುತ್ತಾರೆ. ಅಂದು ಇಟಲಿಯ ವಿಮಾನಚಾಲಕ ಜೂಲಿಯೊ ಗವೋಟಿ ಲಿಬಿಯಾದಲ್ಲಿ ತುರ್ಕಿ ಪಡೆಗಳ ಮೇಲೆ ನಾಲ್ಕು ಚಿಕ್ಕ ಬಾಂಬುಗಳನ್ನು ತನ್ನ ಕೈಯಿಂದಲೇ ಎಸೆದನು. ಆದರೆ 1849ರಲ್ಲೇ ಆಸ್ಟ್ರಿಯನ್ನರು ಮುತ್ತಿಗೆ ಹಾಕಿದ್ದ ವೆನಿಸ್ ನಗರದ ಮೇಲೆ ಮನುಷ್ಯರಿಲ್ಲದ ಬಲೂನುಗಳಿಂದ ಬಾಂಬು ಬೀಳಿಸಲು ಯತ್ನಿಸಿದ್ದರು. ‘ವಿಮಾನದಿಂದ’ ಎಂಬ ಒಂದು ಪದ ಪ್ರಶ್ನೆಯಲ್ಲಿದ್ದರೆ ಗವೋಟಿ, ಇಲ್ಲದಿದ್ದರೆ ಬಲೂನು.

ಜಲಾಂತರ್ಗಾಮಿಯ ಮೊದಲ ದಾಳಿ ಎಂದು ಕೇಳಿದರೆ 1776ರ ಟರ್ಟಲ್ ಎಂಬ ಒಬ್ಬಾಳಿನ ನೌಕೆಯನ್ನು ಹೇಳಬೇಕು. ಅದರ ಯತ್ನ ವಿಫಲವಾಯಿತು. ಶತ್ರುವಿನ ಯುದ್ಧನೌಕೆಯನ್ನು ನಿಜವಾಗಿ ಮುಳುಗಿಸಿದ ಮೊದಲ ಜಲಾಂತರ್ಗಾಮಿ ಎಂದು ಕೇಳಿದರೆ 1864ರ ಫೆಬ್ರವರಿ 17ರಂದು ಹೌಸಟಾನಿಕ್ ನೌಕೆಯನ್ನು ಮುಳುಗಿಸಿದ ಹನ್ಲಿ. ಕೈಯಿಂದ ಹಿಡಿಕೆ ತಿರುಗಿಸಿ ಮುಂದೆ ಸಾಗಿಸಬೇಕಾಗಿದ್ದ ಆ ಕಬ್ಬಿಣದ ಕೊಳವೆಯೊಳಗಿದ್ದ 8 ಮಂದಿಯೂ ಮರಳಿ ಬರಲಿಲ್ಲ. 2000ದಲ್ಲಿ ಅದನ್ನು ಸಮುದ್ರತಳದಿಂದ ಮೇಲೆತ್ತಿದಾಗ ಒಳಗೆ ಅವರು ತಮ್ಮ ತಮ್ಮ ಜಾಗದಲ್ಲೇ ಇದ್ದರು.

ಯುದ್ಧದಲ್ಲಿ ರಾಕೆಟ್ಟನ್ನು ಮೊದಲು ಬಳಸಿದವರು ಮೈಸೂರಿನವರು ಎಂಬ ಮಾತೂ ತಿದ್ದುಪಡಿ ಬೇಡುತ್ತದೆ. ಚೀನಾದಲ್ಲಿ ಹದಿಮೂರನೆಯ ಶತಮಾನದ ಹೊತ್ತಿಗೇ ರಾಕೆಟ್ಟುಗಳಿದ್ದವು. ಹೈದರ್ ಮತ್ತು ಟಿಪ್ಪುವಿನ ಕಾಲದ ಸೇನೆಯ ನಿಜವಾದ ಹೆಗ್ಗಳಿಕೆ ಇರುವುದು ಕಬ್ಬಿಣದ ಕೊಳವೆಯಲ್ಲಿ. ಕಾಗದ ಅಥವಾ ಬಿದಿರಿನ ಕೊಳವೆಗಿಂತ ಹೆಚ್ಚು ಒತ್ತಡ ತಡೆದುಕೊಳ್ಳುವ ಆ ಕೊಳವೆಯೊಳಗೆ ಮದ್ದನ್ನು ಬಿಗಿಯಾಗಿ ತುಂಬಬಹುದಾಗಿತ್ತು, ಅದರಿಂದ ರಾಕೆಟ್ಟು ದೂರಕ್ಕೂ ಹೋಗುತ್ತಿತ್ತು. ಅವುಗಳನ್ನು ನೋಡಿದ ಬ್ರಿಟಿಷರು ವಿಲಿಯಂ ಕಾಂಗ್ರೀವ್‌ನ ಕೈಯಲ್ಲಿ ತಮ್ಮದೇ ರಾಕೆಟ್ಟುಗಳನ್ನು ರೂಪಿಸಿ 1807ರಲ್ಲಿ ಕೋಪನ್‌ಹೇಗನ್ ಮೇಲೆ ಪ್ರಯೋಗಿಸಿದರು. ‘ಮೊದಲು’ ಎಂಬ ಪದವನ್ನು ಬಿಟ್ಟುಕೊಟ್ಟರೂ ಈ ಕತೆಯ ತೂಕ ಕಡಿಮೆಯಾಗುವುದಿಲ್ಲ.

ಟ್ಯಾಂಕಿಗೆ ಆ ಹೆಸರು ಹೇಗೆ ಬಂತು?

ಗುಟ್ಟು ಕಾಪಾಡಲು. ತಯಾರಾಗುತ್ತಿರುವುದು ನೀರಿನ ತೊಟ್ಟಿಗಳು ಎಂದು ನಂಬಿಸಲು ಬ್ರಿಟಿಷರು ಬಳಸಿದ ಹೆಸರು ಹಾಗೆಯೇ ಉಳಿಯಿತು. 1916ರ ಸೆಪ್ಟೆಂಬರ್ 15ರಂದು ಸೋಮ್ ಕದನದಲ್ಲಿ ಅವು ಮೊದಲ ಬಾರಿ ರಣರಂಗಕ್ಕಿಳಿದವು. ಆಗ ಫಿರಂಗಿಯಿದ್ದವನ್ನು ಗಂಡು ಎಂದೂ ಮಶೀನ್ ಗನ್ ಮಾತ್ರ ಇದ್ದವನ್ನು ಹೆಣ್ಣು ಎಂದೂ ಕರೆಯುತ್ತಿದ್ದರು.

ಕ್ಯಾಲಿಬರ್ ಎಂದರೆ ನಳಿಕೆಯ ಅಗಲವೋ, ಉದ್ದವೋ?

ಎರಡೂ ಹೌದು. ಬಂದೂಕು, ಮಶೀನ್ ಗನ್‌ಗಳ ವಿಷಯದಲ್ಲಿ ಅದು ನಳಿಕೆಯ ಒಳವ್ಯಾಸ: .50 ಕ್ಯಾಲಿಬರ್ ಎಂದರೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ದೊಡ್ಡ ಫಿರಂಗಿಗಳ ವಿಷಯಕ್ಕೆ ಬಂದರೆ ನಳಿಕೆಯ ಉದ್ದ ಅದರ ಒಳವ್ಯಾಸದ ಎಷ್ಟು ಪಟ್ಟು ಎಂದು ತಿಳಿಸುವ ಅಳತೆಯೂ ಕ್ಯಾಲಿಬರ್ರೇ. ಅಮೆರಿಕದ ಅಯೋವಾ ವರ್ಗದ ನೌಕೆಗಳ ಫಿರಂಗಿ 16 ಇಂಚು, 50 ಕ್ಯಾಲಿಬರ್. ಅಂದರೆ ನಳಿಕೆ 800 ಇಂಚು, 20 ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ. ಜರ್ಮನ್ನರ ಹೆಸರಾಂತ 88 ಮಿಲಿಮೀಟರ್ ತೋಪಿನ ಹೆಸರಿನ ಮುಂದೆ ಕಾಣುವ ‘ಎಲ್ 56’ ಕೂಡ ಇದೇ ಲೆಕ್ಕ. ಗುಣಿಸಿದರೆ ಸುಮಾರು 4.9 ಮೀಟರ್. ಬ್ರಿಟಿಷರ ‘25 ಪೌಂಡರ್’ ಎಂಬಲ್ಲಿ ಮಾತ್ರ ಸಂಖ್ಯೆ ಗುಂಡಿನ ತೂಕವನ್ನು ಹೇಳುತ್ತದೆ, ತೋಪಿನ ತೂಕವನ್ನಲ್ಲ.

ಮೇಜರ್ ಲೆಫ್ಟಿನೆಂಟ್‌ಗಿಂತ ದೊಡ್ಡವನಾದರೆ, ಲೆಫ್ಟಿನೆಂಟ್ ಜನರಲ್ ಮೇಜರ್ ಜನರಲ್‌ಗಿಂತ ದೊಡ್ಡವನು ಹೇಗೆ?

ಮೇಜರ್ ಜನರಲ್‌ನ ಮೂಲ ಹೆಸರು ಸಾರ್ಜೆಂಟ್ ಮೇಜರ್ ಜನರಲ್. ಕಾಲಕ್ರಮದಲ್ಲಿ ‘ಸಾರ್ಜೆಂಟ್’ ಉದುರಿಹೋಯಿತು. ಲೆಫ್ಟಿನೆಂಟ್ ಎಂದರೆ ಮೇಲಿನವನ ಬದಲಿಗೆ ನಿಲ್ಲುವವನು ಎಂದರ್ಥ. ಜನರಲ್‌ನ ಬದಲಿಗೆ ನಿಲ್ಲುವವನು ಸಹಜವಾಗಿಯೇ ಸಾರ್ಜೆಂಟ್ ಮೇಜರ್‌ಗಿಂತ ಮೇಲಿನವನು.

ಪೋಲೆಂಡಿನ ಕುದುರೆ ಸವಾರರು ಈಟಿ ಹಿಡಿದು ಜರ್ಮನ್ ಟ್ಯಾಂಕುಗಳ ಮೇಲೆ ಏರಿ ಹೋದರೇ?

ಇಲ್ಲ. ನನಗೆ ಬಹಳ ನೋವು ಕೊಡುವ ದಂತಕತೆ ಇದು. ಧೈರ್ಯದಿಂದಲೂ ತಿಳಿವಳಿಕೆಯಿಂದಲೂ ಹೋರಾಡಿದವರನ್ನು ಮೂರ್ಖರನ್ನಾಗಿ ಮಾಡಿ ಇದು ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಓಡಾಡುತ್ತಿದೆ. 1939ರ ಸೆಪ್ಟೆಂಬರ್ 1ರ ಸಂಜೆ ಕ್ರೊಯಾಂಟಿ ಎಂಬ ಹಳ್ಳಿಯ ಬಳಿ ಪೋಲೆಂಡಿನ 18ನೆಯ ಅಶ್ವದಳ ರೆಜಿಮೆಂಟಿನ ಸವಾರರು ಕಾಡಿನಂಚಿನ ಬಯಲಿನಲ್ಲಿ ವಿಶ್ರಮಿಸುತ್ತಿದ್ದ ಜರ್ಮನ್ ಕಾಲಾಳುಗಳನ್ನು ಕಂಡರು. ಕತ್ತಿ ಹಿರಿದು ಹಠಾತ್ತನೆ ಮೇಲೆರಗಿದರು; ಕಾಲಾಳುಗಳು ಚೆದುರಿ ಓಡಿದರು. ಅಲ್ಲಿಯವರೆಗೆ ಅದು ಯಶಸ್ವಿ ದಾಳಿಯೇ. ಅಷ್ಟರಲ್ಲಿ ಮರಗಳ ಮರೆಯಿಂದ ಜರ್ಮನ್ ಕವಚ ವಾಹನಗಳು ಹೊರಬಂದು ಮಶೀನ್ ಗನ್‌ಗಳಿಂದ ಗುಂಡಿನ ಮಳೆ ಸುರಿಸಿದವು. ಬಯಲಿನಲ್ಲಿ ಮರೆಯಿಲ್ಲದೆ ಸಿಕ್ಕಿಕೊಂಡ ಸವಾರರು ಹಿಂದಕ್ಕೆ ತಿರುಗುವಷ್ಟರಲ್ಲಿ ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ಕಜಿಮಿಯೆಷ್ ಮಸ್ತಲೆಷ್ ಸೇರಿದಂತೆ ಹಲವರು ಸತ್ತರು.

ನಂತರ ಇಟಲಿಯ ಪತ್ರಕರ್ತರನ್ನು ಆ ಬಯಲಿಗೆ ಕರೆತರಲಾಯಿತು. ಅವರ ಕಣ್ಣಿಗೆ ಬಿದ್ದದ್ದು ಕುದುರೆಗಳ ಹೆಣಗಳು, ಸವಾರರ ಹೆಣಗಳು ಮತ್ತು ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಜರ್ಮನ್ ಟ್ಯಾಂಕುಗಳು. ಮೂರನ್ನೂ ಒಂದೇ ದೃಶ್ಯವಾಗಿ ಹೆಣೆದ ವರದಿ ಹೊರಟಿತು. ಜರ್ಮನ್ನರ ಪ್ರಚಾರಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ವಾಸ್ತವವಾಗಿ ಪೋಲೆಂಡಿನ ಅಶ್ವದಳದವರು ಕುದುರೆಯನ್ನು ಬೇಗ ಜಾಗ ಬದಲಿಸಲು ಬಳಸಿ, ಕದನದಲ್ಲಿ ಇಳಿದು ನಿಂತೇ ಹೋರಾಡುತ್ತಿದ್ದರು. ಅವರ ಬಳಿ ಟ್ಯಾಂಕು ಭೇದಿಸುವ ಬಂದೂಕುಗಳೂ 37 ಮಿಲಿಮೀಟರ್ ತೋಪುಗಳೂ ಇದ್ದವು. ಇನ್ನೊಂದು ಮಾತನ್ನು ಇದರ ಪಕ್ಕದಲ್ಲೇ ಇಡಬೇಕು: ಯಂತ್ರಮಯ ಎಂದು ಹೆಸರಾದ ಜರ್ಮನ್ ಸೇನೆ 1941ರಲ್ಲಿ ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿದಾಗ 6 ಲಕ್ಷಕ್ಕೂ ಹೆಚ್ಚು ಕುದುರೆಗಳನ್ನು ಜತೆಗೆ ಕೊಂಡೊಯ್ದಿತ್ತು.

ನೆಪೋಲಿಯನ್ ಕುಳ್ಳನಾಗಿದ್ದನೇ?

ಅವನ ಎತ್ತರವನ್ನು 5 ಅಡಿ 2 ಇಂಚು ಎಂದು ಬರೆದದ್ದು ಫ್ರೆಂಚ್ ಅಳತೆಯಲ್ಲಿ. ಆಗಿನ ಫ್ರೆಂಚ್ ಇಂಚು 2.7 ಸೆಂಟಿಮೀಟರ್, ಇಂಗ್ಲಿಷ್ ಇಂಚು 2.54. ಒಟ್ಟು 62 ಫ್ರೆಂಚ್ ಇಂಚುಗಳೆಂದರೆ ಸುಮಾರು 168 ಸೆಂಟಿಮೀಟರ್, ಅಂದರೆ ಇಂಗ್ಲಿಷ್ ಅಳತೆಯಲ್ಲಿ 5 ಅಡಿ 6 ಇಂಚು. ಅವನ ಕಾಲದ ಫ್ರೆಂಚರ ನಡುವೆ ಅದು ಕಡಿಮೆ ಎತ್ತರವೇನಲ್ಲ. ಉಳಿದದ್ದು ಬ್ರಿಟಿಷ್ ವ್ಯಂಗ್ಯಚಿತ್ರಕಾರರ, ಮುಖ್ಯವಾಗಿ ಜೇಮ್ಸ್ ಗಿಲ್ರೆಯ, ಕುಂಚದ ಕೆಲಸ.

ಥರ್ಮೊಪೈಲೆಯಲ್ಲಿ ನಿಂತವರು 300 ಜನ ಮಾತ್ರವೇ?

ಕ್ರಿ.ಪೂ. 480ರಲ್ಲಿ ಪರ್ಷಿಯನ್ ಸೇನೆಯನ್ನು ತಡೆಯಲು ಆ ಕಣಿವೆಗೆ ಬಂದ ಗ್ರೀಕರು ಸುಮಾರು 7,000 ಮಂದಿ. ಪರ್ಷಿಯನ್ನರು ಬಳಸುದಾರಿ ಹಿಡಿದರೆಂದು ತಿಳಿದ ಮೇಲೆ ಹೆಚ್ಚಿನವರು ಹಿಂದಿರುಗಿದರು. ಕೊನೆಯವರೆಗೆ ಉಳಿದವರಲ್ಲಿ ಸ್ಪಾರ್ಟಾದ 300 ಜನರ ಜತೆ ಥೆಸ್ಪಿಯಾದ 700 ಜನರೂ ಇದ್ದರೆಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ತಮ್ಮ ಪುಟ್ಟ ಊರಿನ ಯೋಧರೆಲ್ಲರನ್ನೂ ಅಲ್ಲಿ ಕಳೆದುಕೊಂಡ ಥೆಸ್ಪಿಯನ್ನರನ್ನು ಪ್ರಶ್ನೆಯಲ್ಲಾದರೂ ನೆನೆಯಬೇಕು. ಆ 300ರಲ್ಲೂ ಎಲ್ಲರೂ ಸಾಯಲಿಲ್ಲ: ಕಣ್ಣುಬೇನೆಯಿಂದ ಕದನಕ್ಕೆ ನಿಲ್ಲಲಾಗದೆ ಊರಿಗೆ ಮರಳಿದ ಅರಿಸ್ಟೊಡೆಮಸ್ ಹೇಡಿಯೆಂಬ ಬೈಗುಳ ಹೊತ್ತು ಬದುಕಿ, ಮರುವರ್ಷ ಪ್ಲಟೀಯಾ ಕದನದಲ್ಲಿ ಸತ್ತನು.

ಗುಂಡಿನ ತೂತುಗಳನ್ನು ಕೆಂಪು ಚುಕ್ಕೆಗಳಾಗಿ ತೋರಿಸುವ, ಅಂತರ್ಜಾಲದಲ್ಲಿ ಓಡಾಡುವ ವಿಮಾನದ ಚಿತ್ರ ಎರಡನೆಯ ಮಹಾಯುದ್ಧದ್ದೇ?

ಚಿತ್ರ ಇತ್ತೀಚಿನದು, ವಿಚಾರ ಆ ಕಾಲದ್ದು. ಮರಳಿ ಬಂದ ವಿಮಾನಗಳಲ್ಲಿ ತೂತುಗಳಿಲ್ಲದ ಜಾಗವೇ ಹೆಚ್ಚು ಸೂಕ್ಷ್ಮ, ಏಕೆಂದರೆ ಅಲ್ಲಿ ಏಟು ತಿಂದವು ಮರಳಿ ಬರಲೇ ಇಲ್ಲ ಎಂಬ ತರ್ಕವನ್ನು ಗಣಿತಕ್ಕೆ ಇಳಿಸಿದವನು ಅಬ್ರಹಾಂ ವಾಲ್ಡ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞರ ತಂಡದಲ್ಲಿದ್ದ ಅವನ ಬರಹಗಳಲ್ಲಿರುವುದು ಸಮೀಕರಣಗಳು ಮತ್ತು ಕೋಷ್ಟಕಗಳು. ವಿಮಾನಗಳ ಬಗ್ಗೆ ಅಷ್ಟು ಯೋಚಿಸಿದ ವಾಲ್ಡ್ 1950ರಲ್ಲಿ ನೀಲಗಿರಿ ಬೆಟ್ಟಗಳಲ್ಲಿ ನಡೆದ ವಿಮಾನ ಅಪಘಾತದಲ್ಲೇ ತೀರಿಕೊಂಡನು.

ಕಾಕತಾಳೀಯ ಸಂಗತಿಗಳನ್ನು ಎಷ್ಟು ನಂಬಬಹುದು?

ಸಂಗತಿಯನ್ನು ನಂಬಬಹುದು, ಅದಕ್ಕೆ ಕಟ್ಟುವ ಅರ್ಥವನ್ನಲ್ಲ. 1914ರಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯಾ-ಹಂಗೇರಿಯ ಸಿಂಹಾಸನದ ಉತ್ತರಾಧಿಕಾರಿ ಆರ್ಚ್‌ಡ್ಯೂಕ್ ಫ್ರಾನ್ಸ್ ಫರ್ಡಿನಾಂಡ್ ಕೊಲೆಯಾದಾಗ ಕುಳಿತಿದ್ದ ಕಾರು ಇಂದಿಗೂ ವಿಯೆನ್ನಾದ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಅದರ ಫಲಕದಲ್ಲಿ ‘ಎ’ ಅಕ್ಷರ, ಮೂರು ಗೀಟುಗಳ ರೋಮನ್ ಅಂಕಿ, ನಂತರ 118 ಎಂದಿದೆ. ಅದನ್ನೇ 11-11-18 ಎಂದು ಓದಿ, ಮಹಾಯುದ್ಧದ ಅಂತ್ಯದ ದಿನ ಮೊದಲೇ ಬರೆದಿತ್ತು ಎನ್ನುವವರಿದ್ದಾರೆ. ಆದರೆ ಆ ಕಾರು ಸೇರಿದ್ದ ಆಸ್ಟ್ರಿಯಾ-ಹಂಗೇರಿಯ ಕದನವಿರಾಮ ಸಹಿಯಾದದ್ದು 1918ರ ನವೆಂಬರ್ 3ರಂದು.

ನನಗೆ ಹೆಚ್ಚು ಹಿಡಿಸುವುದು ಯಾವ ಅರ್ಥವನ್ನೂ ಬೇಡದ ಇನ್ನೊಂದು ಸಂಗತಿ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ದಾಳಿಯಿಂದ ಪಾರಾದ ಫೀನಿಕ್ಸ್ ಎಂಬ ಅಮೆರಿಕದ ಕ್ರೂಸರ್ ಮುಂದೆ ಅರ್ಜೆಂಟೀನಾಕ್ಕೆ ಮಾರಾಟವಾಗಿ ಜನರಲ್ ಬೆಲ್‌ಗ್ರಾನೊ ಎಂಬ ಹೆಸರು ಪಡೆಯಿತು. 1982ರ ಮೇ 2ರಂದು ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ಜಲಾಂತರ್ಗಾಮಿ ಕಾಂಕರರ್ ಅದನ್ನು ಮುಳುಗಿಸಿತು. 323 ನಾವಿಕರು ಸತ್ತರು. ಪರಮಾಣು ಶಕ್ತಿಯಿಂದ ಚಲಿಸುವ ಜಲಾಂತರ್ಗಾಮಿಯೊಂದು ಯುದ್ಧದಲ್ಲಿ ಶತ್ರುನೌಕೆಯನ್ನು ಮುಳುಗಿಸಿದ್ದು ಅದೇ ಮೊದಲು.

ಆಸ್ಟ್ರೇಲಿಯಾದ ಎಮು ಯುದ್ಧವನ್ನು ಯುದ್ಧವೆಂದು ಎಣಿಸಬಹುದೇ?

ಎಣಿಸಲಾಗದು. 1932ರಲ್ಲಿ ಗೋಧಿ ಬೆಳೆ ಉಳಿಸಿಕೊಳ್ಳಲು ಎರಡು ಲೂಯಿಸ್ ಮಶೀನ್ ಗನ್ ಮತ್ತು 10,000 ಗುಂಡುಗಳೊಂದಿಗೆ ಸೈನಿಕರನ್ನು ಕಳುಹಿಸಿದ್ದು ನಿಜ. ಅದು ಪಕ್ಷಿಗಳ ಹಾವಳಿ ತಡೆಯುವ ಕಾರ್ಯಾಚರಣೆ. ಅಲ್ಲಿನ ರೈತರಲ್ಲಿ ಅನೇಕರು ಮೊದಲನೆಯ ಮಹಾಯುದ್ಧದಿಂದ ಮರಳಿ ಬಂದು ಸರ್ಕಾರ ಕೊಟ್ಟ ಜಮೀನಿನಲ್ಲಿ ಬೇಸಾಯಕ್ಕಿಳಿದ ಸೈನಿಕರು ಎಂಬ ವಿವರ ಮಾತ್ರ ಕೇಳುವವರ ಗಮನಕ್ಕೆ ಬರುವುದೇ ಇಲ್ಲ.

ಎರಡನೆಯ ಮಹಾಯುದ್ಧದ ಕೊನೆಯ ಜಪಾನಿ ಸೈನಿಕ ಹಿರೂ ಒನೊಡನೇ?

ಪ್ರಸಿದ್ಧಿಯಲ್ಲಿ ಅವನೇ, ಕ್ರಮದಲ್ಲಿ ಅಲ್ಲ. ಫಿಲಿಪೀನ್ಸ್‌ನ ಲುಬಾಂಗ್ ದ್ವೀಪದಲ್ಲಿ ಅಡಗಿದ್ದ ಒನೊಡ, ತನ್ನ ಹಳೆಯ ಮೇಲಧಿಕಾರಿಯೇ ಖುದ್ದಾಗಿ ಬಂದು ಆಜ್ಞೆ ಓದಿದ ಮೇಲೆ 1974ರ ಮಾರ್ಚ್‌ನಲ್ಲಿ ಶರಣಾದನು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಮೊರೊಟಾಯ್ ದ್ವೀಪದಲ್ಲಿ ತೆರುವೊ ನಕಮುರ ಸಿಕ್ಕಿದನು. ಅವನು ತೈವಾನಿನ ಅಮಿಸ್ ಬುಡಕಟ್ಟಿನವನು. ಜಪಾನಿನ ವಸಾಹತಿನಿಂದ ಸೇನೆ ಸೇರಿದ್ದವನು. ಅಧಿಕಾರಿಯಾಗಿದ್ದ ಒನೊಡನಿಗೆ ಸಿಕ್ಕ ಸ್ವಾಗತ, ಸಾಮಾನ್ಯ ಸಿಪಾಯಿಯಾದ ನಕಮುರನಿಗೆ ಸಿಗಲಿಲ್ಲ. ಹಾಗಾಗಿಯೇ ರಸಪ್ರಶ್ನೆಗಳಲ್ಲೂ ಅವನ ಹೆಸರು ಅಪರೂಪ.

ಮೊದಲನೆಯ ಮಹಾಯುದ್ಧದಲ್ಲಿ ಕೊನೆಯದಾಗಿ ಸತ್ತ ಸೈನಿಕ ಯಾರು?

1918ರ ನವೆಂಬರ್ 11ರ ನಸುಕಿನಲ್ಲಿ, 5 ಗಂಟೆ ದಾಟಿದ ಹೊತ್ತಿಗೆ, ಕಾಂಪಿಯೇನ್ ಕಾಡಿನ ರೈಲುಬೋಗಿಯಲ್ಲಿ ಕದನವಿರಾಮಕ್ಕೆ ಸಹಿಯಾಯಿತು. ಅದು ಜಾರಿಗೆ ಬಂದದ್ದು 11 ಗಂಟೆಗೆ. ನಡುವಿನ ಆ ಗಂಟೆಗಳಲ್ಲಿ ಗುಂಡು ಹಾರುತ್ತಲೇ ಇತ್ತು. ಅಮೆರಿಕದ ಹೆನ್ರಿ ಗುಂಥರ್ 10 ಗಂಟೆ 59 ನಿಮಿಷಕ್ಕೆ ಜರ್ಮನ್ ಮಶೀನ್ ಗನ್ ನೆಲೆಯತ್ತ ಓಡಿದನು. ಎದುರಿಗಿದ್ದವರು ಹಿಂದಕ್ಕೆ ಹೋಗುವಂತೆ ಕೈಬೀಸಿದರೂ ನಿಲ್ಲದೆ ಸತ್ತನು. ಕೆನಡಾದ ಜಾರ್ಜ್ ಪ್ರೈಸ್ ಅದಕ್ಕೂ ಒಂದು ನಿಮಿಷ ಮೊದಲು, 10 ಗಂಟೆ 58 ನಿಮಿಷಕ್ಕೆ, ಮರೆಯಿಂದ ಬಂದ ಗುಂಡಿಗೆ ಬಲಿಯಾದನು. ಉತ್ತರವಾಗಿ ಗುಂಥರ್ ಹೆಸರನ್ನು ಒಪ್ಪಿಕೊಳ್ಳಬಹುದು, ಪ್ರಶ್ನೆಯಲ್ಲಿ ‘ಪಶ್ಚಿಮ ರಣರಂಗದಲ್ಲಿ, ದಾಖಲೆಯಾದಂತೆ’ ಎಂಬ ಮಾತಿದ್ದರೆ. ಸುದ್ದಿ ತಡವಾಗಿ ಮುಟ್ಟಿದ ಪೂರ್ವ ಆಫ್ರಿಕಾದಲ್ಲಿ ಜರ್ಮನ್ ಸೇನಾನಿ ಲೆಟ್ಟೊ ಫೋರ್‌ಬೆಕ್ ಆಯುಧ ಒಪ್ಪಿಸಿದ್ದು ನವೆಂಬರ್ 25ರಂದು.

ಫ್ರೆಂಚರ ಪೈಕಿ ಕೊನೆಯವನೆಂದು ಹೆಸರಾದವನು ಒಗುಸ್ತಾಂ ಟ್ರೆಬೂಷೋಂ. ಅವನು ಓಲೆಕಾರ, ಮ್ಯೂಸ್ ನದಿಯ ದಡದಲ್ಲಿ ಸಂದೇಶವೊಂದನ್ನು ಕೊಂಡೊಯ್ಯುತ್ತಿದ್ದಾಗ 11 ಗಂಟೆಗೆ ಕೆಲವೇ ನಿಮಿಷ ಮೊದಲು ಗುಂಡು ತಗುಲಿತು. ಅವನ ಸಮಾಧಿಯ ಮೇಲೆ ಬರೆದಿರುವ ದಿನ ನವೆಂಬರ್ 10. ಶಾಂತಿಯ ದಿನವೇ ಸೈನಿಕರು ಸತ್ತರು ಎಂದು ದಾಖಲಿಸಲು ಸೇನೆ ಸಿದ್ಧವಿರಲಿಲ್ಲ. ಅವನ ಬಗ್ಗೆ ಪ್ರಶ್ನೆ ಹಾಕುವವರು ಕಲ್ಲಿನ ಮೇಲಿನ ತಾರೀಖನ್ನು ಹಾಗೆಯೇ ನಕಲು ಮಾಡಿಕೊಳ್ಳಬಾರದು.